ಕಾರಿಗೂ ಗುಡಿಗೂ ಒಂದೇ ದಾರಿ

ಜಪಾನಿಗೆ ಹೊರಡುವ ಕುಟುಂಬಗಳಿಗೊಂದು ಪ್ರವಾಸದ ಯೋಜನೆ

ಜಪಾನಿಗೆ ಹೋಗಬೇಕೆಂದು ನಿಶ್ಚಯಿಸಿದ ಮನೆಯಲ್ಲಿ ವಿಮಾನದ ಟಿಕೆಟ್ಟಿನ ಮಾತು ಬರುವುದಕ್ಕೆ ಮೊದಲೇ ಒಂದು ಸಣ್ಣ ಜಗಳ ಹುಟ್ಟಿಕೊಳ್ಳುವುದುಂಟು. ಕಾಲೇಜಿನಲ್ಲಿ ಓದುವ ಮಗನಿಗೆ ಕಾರುಗಳ ಹುಚ್ಚು. ಆ ದೇಶದಲ್ಲಿ ತಯಾರಾದ ಹಳೆಯ ಮಾದರಿಗಳ ಹೆಸರುಗಳೆಲ್ಲ ಅವನಿಗೆ ಕಂಠಪಾಠ. ತಾಯಿಗೆ ಕ್ಯೋಟೋ ನಗರದ ದೇವಾಲಯಗಳನ್ನೂ ಉದ್ಯಾನಗಳನ್ನೂ ಕಣ್ತುಂಬ ನೋಡುವಾಸೆ. ತಂದೆಗೆ ಖರ್ಚಿನ ಚಿಂತೆ. ಜೀವಮಾನದಲ್ಲಿ ಬಹುಶಃ ಒಮ್ಮೆ ಮಾತ್ರ ಕೈಗೂಡುವ ಪ್ರವಾಸ. ವರ್ಷಗಟ್ಟಲೆ ಕೂಡಿಟ್ಟ ಹಣ. ಆದುದರಿಂದ ಯಾರೂ ತಮ್ಮ ಆಸೆಯನ್ನು ಸುಲಭವಾಗಿ ಬಿಟ್ಟುಕೊಡಲಾರರು. ಕೊನೆಗೆ “ಇಷ್ಟು ದಿನ ನಿನಗೆ, ಇಷ್ಟು ದಿನ ನಮಗೆ” ಎಂದು ಆಸ್ತಿ ಹಂಚಿದಂತೆ ದಿನಗಳನ್ನು ಹಂಚಿಕೊಳ್ಳುತ್ತಾರೆ. ಹಾಗೆ ಹೋಗಿಬಂದವರಲ್ಲಿ ಒಬ್ಬರಿಗಾಗಿ ಇನ್ನೊಬ್ಬರು ಬಾಗಿಲಲ್ಲಿ ಕಾದು ಕುಳಿತ ನೆನಪೇ ಹೆಚ್ಚಾಗಿ ಉಳಿಯುತ್ತದೆ.

ಈ ಪಾಲುಪಟ್ಟಿಯ ಅಗತ್ಯವೇ ಇಲ್ಲವೆಂದು ತೋರಿಸುವುದು ಪ್ರಸ್ತುತ ಲೇಖನದ ಉದ್ದೇಶ. ಜಪಾನಿನ ಹಳೆಯ ಹೆದ್ದಾರಿಯೊಂದನ್ನು ಹಿಡಿದು ನಡೆದರೆ ಕಾರೂ ಗುಡಿಯೂ ಒಂದೇ ಸಾಲಿನಲ್ಲಿ, ಒಂದರ ಮಗ್ಗುಲಲ್ಲಿ ಇನ್ನೊಂದಾಗಿ ಎದುರಾಗುತ್ತವೆ. ಆ ಹೆದ್ದಾರಿಯ ಹೆಸರು ತೋಕೈದೋ. ‘ಪೂರ್ವ ಸಮುದ್ರದ ದಾರಿ’ ಎಂದು ಅದರ ಅರ್ಥ. ತೊಕುಗಾವಾ ಇಯೆಯಾಸು 1601ರಲ್ಲಿ ಇದನ್ನು ವ್ಯವಸ್ಥೆಗೊಳಿಸಿದನು. ಇಂದು ಟೋಕಿಯೋ ಎನಿಸಿಕೊಂಡಿರುವ ಎದೋ ಪಟ್ಟಣದಿಂದ ಚಕ್ರವರ್ತಿಯಿದ್ದ ಕ್ಯೋಟೋವರೆಗೆ ಸುಮಾರು 490 ಕಿಲೋಮೀಟರು. ನಡುವೆ 53 ತಂಗುದಾಣಗಳು. ಚಿತ್ರಕಾರ ಹಿರೋಶಿಗೆ 1830ರ ದಶಕದಲ್ಲಿ ಇವುಗಳನ್ನೆಲ್ಲ ಮರದಚ್ಚಿನ ಚಿತ್ರಗಳಲ್ಲಿ ಮೂಡಿಸಿ ಲೋಕಪ್ರಸಿದ್ಧಗೊಳಿಸಿದನು. 1964ರ ಅಕ್ಟೋಬರ್ 1ರಂದು ಆರಂಭವಾದ ಶಿಂಕಾನ್ಸೆನ್ ಅತಿವೇಗದ ರೈಲು ಬಹುಮಟ್ಟಿಗೆ ಇದೇ ದಾರಿಯ ಜಾಡಿನಲ್ಲಿ ಓಡುತ್ತದೆ. ಹನ್ನೊಂದು ದಿನಗಳು ಕೈಯಲ್ಲಿದ್ದರೆ ಈ ದಾರಿಯನ್ನು ನೆಮ್ಮದಿಯಿಂದ ನೋಡಬಹುದು.

ಮೈಲಿಗಲ್ಲಿನ ಮೇಲೊಂದು ಮೇಲುಸೇತುವೆ

ಮೊದಲ ಮೂರು ದಿನಗಳು ಟೋಕಿಯೋ ನಗರಕ್ಕೆ. ಅಸಾಕುಸಾದಲ್ಲಿರುವ ಸೆನ್ಸೋಜಿ ದೇವಾಲಯವನ್ನು ಯಾರೂ ಬಿಡುವುದಿಲ್ಲ. ಅದರ ವರ್ಣನೆ ಎಲ್ಲ ಮಾರ್ಗದರ್ಶಿ ಪುಸ್ತಕಗಳಲ್ಲಿಯೂ ದೊರೆಯುತ್ತದೆ. ಆದರೆ ಪ್ರವಾಸದ ಪ್ರಾರಂಭ ನಿಹೊನ್‌ಬಾಶಿ ಎಂಬ ಸೇತುವೆಯ ಮೇಲಾಗಬೇಕು. ತೋಕೈದೋ ಹೊರಡುವುದು ಇಲ್ಲಿಂದಲೇ. ದೇಶದ ಹೆದ್ದಾರಿಗಳ ದೂರವನ್ನು ಅಳೆಯುವ ಸೊನ್ನೆಯ ಗುರುತು ಈ ಸೇತುವೆಯ ನಡುವೆ ರಸ್ತೆಯಲ್ಲಿಯೇ ಅಡಗಿದೆ. ಈಗಿರುವ ಕಲ್ಲಿನ ಸೇತುವೆ 1911ರದು. ತಲೆಯೆತ್ತಿ ನೋಡಿದರೆ ಮಾತ್ರ ಆಕಾಶ ಕಾಣುವುದಿಲ್ಲ! 1964ರ ಒಲಿಂಪಿಕ್ ಕ್ರೀಡೆಗಳಿಗೆ ನಗರ ಸಜ್ಜಾಗುತ್ತಿದ್ದ ಅವಸರದಲ್ಲಿ, 1963ರಲ್ಲಿ, ಕಾರುಗಳಿಗಾಗಿ ಎತ್ತರದ ಹೆದ್ದಾರಿಯೊಂದನ್ನು ನದಿಯ ನೆತ್ತಿಯ ಮೇಲೆಯೇ ಹಾಯಿಸಿಬಿಟ್ಟರು.

ಮೋಟಾರು ಬಂದು ಹಳೆಯದನ್ನು ಮುಚ್ಚಿಹಾಕಿದ ಕಥೆ ನಮಗೂ ಹೊಸದಲ್ಲ. ಇಲ್ಲಿನ ವಿಶೇಷವೆಂದರೆ ಆ ಕಥೆ ಈಗ ಹಿಮ್ಮುಖವಾಗಿ ಸಾಗುತ್ತಿದೆ. ಈ ಭಾಗದ ಹೆದ್ದಾರಿಯನ್ನು ನೆಲದ ಕೆಳಗಿಳಿಸುವ ಕೆಲಸ ನಡೆದಿದೆ. 2035ರ ಹೊತ್ತಿಗೆ ಸುರಂಗವನ್ನು ತೆರೆದು, 2040ರೊಳಗೆ ಮೇಲಿನ ರಸ್ತೆಯನ್ನು ಕಿತ್ತುಹಾಕಬೇಕೆಂಬುದು ಅವರ ಯೋಜನೆ. ಗಿನ್ಜಾ ಬಡಾವಣೆಯನ್ನು ಬಳಸಿ ಹೋಗುತ್ತಿದ್ದ ಇಂಥದೇ ಇನ್ನೊಂದು ಎತ್ತರದ ರಸ್ತೆಯನ್ನು 2025ರ ಏಪ್ರಿಲ್ ತಿಂಗಳಲ್ಲಿ ಕಾರುಗಳಿಗೆ ಮುಚ್ಚಿ, ಪಾದಚಾರಿಗಳ ಉದ್ಯಾನವಾಗಿಸಲು ಹೊರಟಿದ್ದಾರೆ. ಕಾರಿನ ಮೋಹದಿಂದ ಬಂದ ಯುವಕನೂ ಹಳೆಯ ನಗರವನ್ನರಸಿ ಬಂದ ತಾಯಿಯೂ ಅಕ್ಕಪಕ್ಕದಲ್ಲಿ ನಿಂತು ನೋಡಬೇಕಾದ ಸ್ಥಳವಿದು.

ಹಳೆಯ ಮಾರ್ಗದರ್ಶಿಗಳನ್ನು ನಂಬಿ ಒದಾಯ್ಬಾ ಬಡಾವಣೆಯಲ್ಲಿದ್ದ ಮೆಗಾವೆಬ್ ಎಂಬ ಕಾರು ಪ್ರದರ್ಶನಶಾಲೆಯನ್ನು ಹುಡುಕಿಕೊಂಡು ಹೋಗಬೇಡಿ. ಅದು 2021ರ ಕೊನೆಯಲ್ಲಿ ಮುಚ್ಚಿತು. ಅದರ ಬದಲು ಟೋಕಿಯೋ ನಗರಕ್ಕೆ ತಾಗಿದಂತಿರುವ ಕವಾಸಾಕಿಗೆ ಹೋಗುವುದು ಲೇಸು. ಅಲ್ಲಿನ ಕವಾಸಾಕಿ ದಾಯ್ಶಿ ದೇವಾಲಯದಲ್ಲಿ ಮೋಟಾರು ವಾಹನಗಳ ಕ್ಷೇಮಕ್ಕಾಗಿ ಪ್ರಾರ್ಥಿಸಲು ಪ್ರತ್ಯೇಕ ಮಂದಿರವೇ ಉಂಟು. ಹೊಸ ಕಾರು ಕೊಂಡವರು ಅದನ್ನು ಅಲ್ಲಿಗೆ ತಂದು ಪೂಜೆ ಮಾಡಿಸಿ, ರಕ್ಷೆಯ ಚೀಟಿಯೊಂದನ್ನು ಪಡೆದು ಹೋಗುತ್ತಾರೆ. ಆಯುಧಪೂಜೆಯ ದಿನ ಚಕ್ರದಡಿಗೆ ನಿಂಬೆಹಣ್ಣಿಟ್ಟು, ಬೂದುಗುಂಬಳ ಒಡೆದು ಗಾಡಿ ಹೊರಡಿಸುವ ನಮ್ಮವರಿಗೆ ಇದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಇನ್ನು ಯುವಕರ ಬಾಯಲ್ಲಿ ಸದಾ ಕೇಳಿಬರುವ ದಾಯ್ಕೋಕು. ಇದು ಯೊಕೊಹಾಮಾ ಬಂದರಿನ ಹತ್ತಿರ ಹೆದ್ದಾರಿಗಳು ಸುತ್ತುಬಳಸಿ ಕೂಡುವಲ್ಲಿರುವ ಒಂದು ವಾಹನ ತಂಗುದಾಣ. ವಾರಾಂತ್ಯದ ರಾತ್ರಿಗಳಲ್ಲಿ ಬಣ್ಣಬಣ್ಣದ ಕಾರುಗಳು ಇಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಮಾಲೀಕರು ಬಾನೆಟ್ ತೆರೆದು ಪರಸ್ಪರರ ಗಾಡಿಗಳನ್ನು ಪರೀಕ್ಷಿಸುತ್ತಾರೆ. ಹೆದ್ದಾರಿಯ ಮೂಲಕ ವಾಹನದಲ್ಲಿಯೇ ಹೋಗಬೇಕಲ್ಲದೆ ನಡೆದು ತಲುಪಲು ದಾರಿಯಿಲ್ಲ. ಗದ್ದಲ ಹೆಚ್ಚಿದರೆ ಪೋಲೀಸರು ಬಂದು ಮುಚ್ಚಿಸುವುದೂ ಉಂಟು. ಆದಕಾರಣ ಇದೊಂದನ್ನೇ ನಂಬಿ ಒಂದು ಸಂಜೆಯನ್ನು ಮೀಸಲಿಡಬಾರದು.

ಹಕೋನೆ ಘಟ್ಟ

ನಾಲ್ಕನೆಯ ದಿನ ರೈಲಿನಲ್ಲಿ ಓದಾವಾರಾಕ್ಕೆ ಹೋಗಿ, ಅಲ್ಲಿಂದ ಹಕೋನೆ ಘಟ್ಟವನ್ನೇರಬೇಕು. ಒಂದು ಎಚ್ಚರಿಕೆ: ಶಿಂಕಾನ್ಸೆನ್ ರೈಲುಗಳಲ್ಲಿ ಅತ್ಯಂತ ವೇಗದ ‘ನೊಜೊಮಿ’ ಓದಾವಾರಾದಲ್ಲಿಯೂ ಮುಂದಿನ ಹಮಾಮತ್ಸುವಿನಲ್ಲಿಯೂ ನಿಲ್ಲುವುದಿಲ್ಲ. ‘ಕೊದಾಮಾ’ ಎಲ್ಲ ಕಡೆಯೂ ನಿಲ್ಲುತ್ತದೆ. ‘ಹಿಕಾರಿ’ ರೈಲುಗಳಲ್ಲಿ ಕೆಲವು ಮಾತ್ರ ನಿಲ್ಲುತ್ತವೆ.

ಕಾಲ್ನಡಿಗೆಯ ಕಾಲದಲ್ಲಿ ಯಾತ್ರಿಕರನ್ನು ಬಹಳವಾಗಿ ದಣಿಸಿದ ಘಟ್ಟವಿದು. ಕಲ್ಲುಹಾಸಿನ ಹಳೆಯ ದಾರಿಯೂ ಅದರಂಚಿನ ದೇವದಾರು ಮರಗಳ ಸಾಲೂ ಇಂದಿಗೂ ಅಲ್ಲಲ್ಲಿ ಉಳಿದಿವೆ. ಸರೋವರದ ದಡದಲ್ಲಿದ್ದ ಹಕೋನೆ ಚೌಕಿಯನ್ನು ಮೊದಲಿನಂತೆಯೇ ಪುನಃ ಕಟ್ಟಿ 2007ರಲ್ಲಿ ತೆರೆದರು. ಸಾಮಂತರ ಹೆಂಡಂದಿರನ್ನು ಎದೋ ಪಟ್ಟಣದಲ್ಲಿ ಒತ್ತೆಯಿರಿಸುವ ಪದ್ಧತಿ ಆಗ ಇದ್ದುದರಿಂದ, ಅಲ್ಲಿಂದ ತಪ್ಪಿಸಿಕೊಂಡು ಹೋಗುವ ಹೆಂಗಸರನ್ನು ಹಿಡಿಯುವುದೇ ಈ ಚೌಕಿಯ ಮುಖ್ಯ ಕೆಲಸವಾಗಿತ್ತು. ಅದೇ ಬೆಟ್ಟದಲ್ಲಿ ಈಗ ಸುಂಕದ ರಸ್ತೆಯೊಂದು ಬಳಸಿ ಬಳಸಿ ಮೇಲೇರುತ್ತದೆ. ಕಾರುಪ್ರಿಯರು ರಜಾದಿನಗಳಲ್ಲಿ ತಮ್ಮ ಗಾಡಿಗಳ ಶಕ್ತಿಯನ್ನು ನೋಡಿಕೊಳ್ಳಲು ಬರುವುದು ಇಲ್ಲಿಗೇ. ಇಡೀ ಪ್ರವಾಸದಲ್ಲಿ ಬಾಡಿಗೆ ಕಾರು ಪಡೆಯುವುದಾದರೆ ಈ ಒಂದು ದಿನ ಸಾಕು.

ಘಟ್ಟದ ರಸ್ತೆಗಳ ಮೇಲಿನ ಈ ವ್ಯಾಮೋಹವನ್ನು ಜಗತ್ತಿಗೆಲ್ಲ ಹರಡಿದುದು ‘ಇನಿಷಿಯಲ್ ಡಿ’ ಎಂಬ ಚಿತ್ರಕಥೆ. ಶುಯಿಚಿ ಶಿಗೆನೊ ಬರೆದ ಈ ಧಾರಾವಾಹಿ 1995ರಿಂದ 2013ರವರೆಗೆ ಪ್ರಕಟವಾಯಿತು. ತಂದೆಯ ತೋಫು ಅಂಗಡಿಯಿಂದ ಬೆಳಗಿನ ಜಾವದಲ್ಲಿ ಬೆಟ್ಟದ ಹೋಟೆಲಿಗೆ ಸರಕು ಸಾಗಿಸುವ ಹುಡುಗನೇ ಅದರ ನಾಯಕ. ಕಾರಿನಲ್ಲಿಟ್ಟ ಲೋಟದ ನೀರು ತುಳುಕದಂತೆ ಓಡಿಸಬೇಕೆಂಬುದು ತಂದೆ ಕಲಿಸಿದ ಪಾಠ. ಕಥೆಯಲ್ಲಿ ಬರುವ ಬೆಟ್ಟಕ್ಕೆ ಮಾದರಿಯಾದುದು ಟೋಕಿಯೋದ ವಾಯವ್ಯಕ್ಕಿರುವ ಗುಮ್ಮಾ ಪ್ರಾಂತದ ಹರುನಾ. ಆ ಬೆಟ್ಟದಲ್ಲಿಯೂ ಬಂಡೆಗಳ ಸಂದಿನಲ್ಲಿ ಒಂದು ಪುರಾತನ ದೇವಸ್ಥಾನವಿದೆ! ಅದು ನಮ್ಮ ದಾರಿಯಿಂದ ದೂರವಾದುದರಿಂದ ಹೆಚ್ಚಿನ ದಿನವಿದ್ದವರು ಮಾತ್ರ ಸೇರಿಸಿಕೊಳ್ಳಬಹುದು. ಕಥಾನಾಯಕನ ಅನುಕರಣೆ ಮಾತ್ರ ಬೇಡ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು ಅಲ್ಲಿ ಅಪರಾಧ.

ಬಡಗಿಗಳೂ ಕಮ್ಮಾರನೂ

ಐದನೆಯ ದಿನದ ಹಮಾಮತ್ಸುವನ್ನು ಪ್ರವಾಸಿಗಳು ಸಾಮಾನ್ಯವಾಗಿ ರೈಲಿನ ಕಿಟಕಿಯಿಂದಲೇ ನೋಡಿ ಮುಂದೆ ಹೋಗಿಬಿಡುತ್ತಾರೆ. ಆದರೆ ಜಪಾನಿನ ಕಾರಿನ ಕಥೆಗೆ ಬೇರೆಲ್ಲೂ ಕಾಣದ ಬೇರು ಇಲ್ಲಿದೆ. ಇದು ಹತ್ತಿಯ ನಾಡು, ನೇಕಾರರ ನಾಡು. ಸಮೀಪದ ಕೊಸಾಯ್ ಎಂಬಲ್ಲಿ ಬಡಗಿಯೊಬ್ಬನ ಮಗನಾಗಿ 1867ರಲ್ಲಿ ಹುಟ್ಟಿದ ಸಕಿಚಿ ತೊಯೊದಾ, 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ಮೊದಲ ಹಕ್ಕುಪತ್ರ ಪಡೆದರು. ಇದೇ ಸೀಮೆಯಲ್ಲಿ ಬಡಗಿ ಕೆಲಸ ಕಲಿತ ಮಿಚಿಯೊ ಸುಜುಕಿ 1909ರಲ್ಲಿ ಮಗ್ಗಗಳ ಕಾರ್ಖಾನೆ ತೆರೆದರು. ಇದೇ ಸೀಮೆಯ ಕಮ್ಮಾರನೊಬ್ಬನ ಮನೆಯಲ್ಲಿ 1906ರಲ್ಲಿ ಹುಟ್ಟಿದವರು ಸೊಇಚಿರೋ ಹೋಂಡಾ. ಯುದ್ಧದಲ್ಲಿ ಸೋತ ದೇಶದಲ್ಲಿ ಜನ ಮೈಲಿಗಟ್ಟಲೆ ಸೈಕಲ್ ತುಳಿಯುತ್ತಿದ್ದಾಗ, ಸೈನ್ಯ ಬಿಟ್ಟುಹೋದ ಸಣ್ಣ ಎಂಜಿನ್ನುಗಳನ್ನು 1946ರಲ್ಲಿ ಸೈಕಲ್ಲಿಗೆ ಜೋಡಿಸಿ ಮಾರಿದವರು ಅವರು. ಎರಡು ಮರಗೆಲಸದ ಕೈಗಳು, ಒಂದು ಕುಲುಮೆ: ಜಗತ್ತಿನ ರಸ್ತೆಗಳಲ್ಲಿ ಇಂದು ಓಡುವ ಮೂರು ಹೆಸರುಗಳ ಮೂಲವಿಷ್ಟೇ.

ಸುಜುಕಿ ಸಂಸ್ಥೆಯ ಪ್ರದರ್ಶನಶಾಲೆಯಲ್ಲಿ ಮಗ್ಗದಿಂದ ಮೋಟಾರ್ ಸೈಕಲ್ಲಿಗೆ, ಅಲ್ಲಿಂದ 1955ರ ‘ಸುಜುಲೈಟ್’ ಎಂಬ ಪುಟ್ಟ ಕಾರಿಗೆ ಸಾಗಿದ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸಿದ್ದಾರೆ. ಪ್ರವೇಶಕ್ಕೆ ಶುಲ್ಕವಿಲ್ಲ, ಮೊದಲೇ ಸಮಯ ಗೊತ್ತುಪಡಿಸಿಕೊಂಡಿರಬೇಕು. 1983ರ ಡಿಸೆಂಬರಿನಲ್ಲಿ ಹೊರಬಂದ ಮಾರುತಿ 800ರಿಂದ ತಮ್ಮ ಮನೆಯ ಮೊದಲ ಕಾರಿನ ಸಂತೋಷ ಕಂಡ ಲಕ್ಷಾಂತರ ಭಾರತೀಯ ಕುಟುಂಬಗಳಿಗೆ ಈ ಊರು ಪರಕೀಯವೆನಿಸಲಾರದು.

ದಾರ ಕಡಿದರೆ ನಿಲ್ಲುವ ಯಂತ್ರ

ಆರು, ಏಳನೆಯ ದಿನಗಳು ನಗೋಯಾಕ್ಕೆ. ನಿಲ್ದಾಣಕ್ಕೆ ಸಮೀಪದಲ್ಲಿ, ತೊಯೊದಾ ಅವರ ಹಳೆಯ ಬಟ್ಟೆ ಗಿರಣಿಯ ಕೆಂಪು ಇಟ್ಟಿಗೆಯ ಕಟ್ಟಡಗಳಲ್ಲಿ, 1994ರಲ್ಲಿ ಒಂದು ಸಂಗ್ರಹಾಲಯ ತೆರೆಯಿತು. ಕಾರಿನ ಗೀಳಿರುವವರು ಇದನ್ನು ಬಟ್ಟೆಯ ಸಂಗ್ರಹಾಲಯವೆಂದು ಬಿಡಬಾರದು. ಕಾರಿನಲ್ಲಿ ಆಸಕ್ತಿಯಿಲ್ಲದವರು ಕಾರಿನದೆಂದು ಬಿಡಬಾರದು. ಹತ್ತಿಯನ್ನು ಕೈಯಲ್ಲಿ ನೂಲುವುದರಿಂದ ಹಿಡಿದು ಬೃಹತ್ ಮಗ್ಗಗಳವರೆಗೆ ಯಂತ್ರಗಳನ್ನು ಕಣ್ಣೆದುರಿಗೇ ಓಡಿಸಿ ತೋರಿಸುತ್ತಾರೆ. 1924ರಲ್ಲಿ ಸಿದ್ಧವಾದ ‘ಜಿ’ ಮಾದರಿಯ ಮಗ್ಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ನೂಲೊಂದು ಕಡಿದರೆ ಇಡೀ ಮಗ್ಗ ತಾನಾಗಿ ನಿಂತುಬಿಡುತ್ತದೆ. ಕೆಟ್ಟ ಬಟ್ಟೆ ಒಂದು ಗೇಣೂ ಹೊರಬೀಳುವುದಿಲ್ಲ. ಮುಂದೆ ಇದೇ ತತ್ತ್ವ ಕಾರಿನ ಕಾರ್ಖಾನೆಯ ಧರ್ಮವಾಯಿತು. ದೋಷ ಕಂಡ ಕೆಲಸಗಾರ ಹಗ್ಗವೊಂದನ್ನು ಎಳೆದು ಸಾಲನ್ನೇ ನಿಲ್ಲಿಸಬಹುದೆಂಬ ಪದ್ಧತಿಯ ತಾಯಿಬೇರು ಈ ಮಗ್ಗದಲ್ಲಿದೆ.

1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ ಈ ಮಗ್ಗದ ಹಕ್ಕನ್ನು ಕೊಂಡಿತು. ಆ ಹಣವೇ ಮಗ ಕಿಇಚಿರೋನ ಕಾರಿನ ಪ್ರಯೋಗಗಳಿಗೆ ಮೊದಲ ಆಸರೆಯಾಯಿತೆಂದು ಹೇಳುವುದು ರೂಢಿ. ಮಗ್ಗದ ಕಾರ್ಖಾನೆಯಲ್ಲಿ 1933ರಲ್ಲಿ ಮೋಟಾರು ವಿಭಾಗ ಆರಂಭವಾಗಿ, 1936ರಲ್ಲಿ ‘ಎಎ’ ಮಾದರಿಯ ಕಾರು ಹೊರಬಂತು. 1937ರಲ್ಲಿ ಟೊಯೋಟಾ ಮೋಟಾರು ಸಂಸ್ಥೆ ಸ್ಥಾಪನೆಯಾಯಿತು. ಹತ್ತಿರದ ಕೊರೊಮೊ ಪಟ್ಟಣ 1959ರಲ್ಲಿ ತನ್ನ ಹೆಸರನ್ನೇ ಟೊಯೋಟಾ ಎಂದು ಬದಲಾಯಿಸಿಕೊಂಡಿತು.

ಕನ್ನಡಿಗರು ಇಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರನ್ನು ನೆನೆಯದೆ ಇರಲಾರರು. ಅವರು 1898ರಲ್ಲಿಯೇ ಜಪಾನನ್ನು ಸುತ್ತಿ, ಆ ದೇಶ ಕೈಗಾರಿಕೆಯಲ್ಲಿ ಮುಂದೆ ಬರುತ್ತಿದ್ದ ಬಗೆಯನ್ನು ಕಣ್ಣಾರೆ ಕಂಡು ಬಂದವರು. 1930ರ ದಶಕದಲ್ಲಿ, ಅಂದರೆ ಕಿಇಚಿರೋ ತನ್ನ ಮೊದಲ ಕಾರನ್ನು ರೂಪಿಸುತ್ತಿದ್ದ ಅದೇ ದಿನಗಳಲ್ಲಿ, ಭಾರತದಲ್ಲಿಯೂ ಮೋಟಾರು ಕಾರ್ಖಾನೆಯೊಂದು ಏಳಬೇಕೆಂದು ಅವರು ಇಳಿವಯಸ್ಸಿನಲ್ಲಿ ದೇಶವಿದೇಶ ಸುತ್ತಿ ದುಡಿದರು. ಆ ಕಾರ್ಖಾನೆ ಮೈಸೂರು ಸಂಸ್ಥಾನದಲ್ಲಿ ನೆಲೆಗೊಳ್ಳಲಿಲ್ಲ. ಕೊನೆಗೆ ಬಿಡದಿಯಲ್ಲಿ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ ಕಾರುಗಳು ಹೊರಬಂದುದು ಶತಮಾನ ಮುಗಿಯುವ ಹೊತ್ತಿಗೆ. ಒಂದೇ ಕಾಲದಲ್ಲಿ ಮೊಳೆತ ಎರಡು ಆಸೆಗಳಲ್ಲಿ ಒಂದು ಮರವಾಯಿತು. ಇನ್ನೊಂದು ಆ ಮರದ ಕೊಂಬೆಯೊಂದನ್ನು ತಂದು ನೆಡಲು ಅರವತ್ತು ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ನಗೋಯಾದ ಮಗ್ಗಗಳ ಸದ್ದಿನ ನಡುವೆ ನಿಂತಾಗ ಈ ಲೆಕ್ಕ ಮನಸ್ಸನ್ನು ಚುಚ್ಚದಿರದು.

ಮರುದಿನ ನಾಗಾಕುತೆಯಲ್ಲಿರುವ, 1989ರಲ್ಲಿ ತೆರೆದ ಟೊಯೋಟಾ ಕಾರುಗಳ ಸಂಗ್ರಹಾಲಯ. ಅಲ್ಲಿ ಟೊಯೋಟಾ ಮಾತ್ರವಲ್ಲದೆ ಯೂರೋಪು, ಅಮೆರಿಕಗಳ ಕಾರುಗಳೂ ಕಾಲಾನುಕ್ರಮದಲ್ಲಿ ನಿಂತಿವೆ. ಹೋಗುವ ರೈಲೂ ಒಂದು ನೋಟವೇ: ಕಾಂತಶಕ್ತಿಯಿಂದ ಹಳಿಯ ಮೇಲೆ ತುಸು ತೇಲಿಕೊಂಡೇ ಓಡುವ ‘ಲಿನಿಮೊ’. ಸಂಜೆಗೆ ಅತ್ಸುತಾ ದೇವಸ್ಥಾನದ ಹೆಮ್ಮರಗಳ ನೆರಳು. ಇದರ ಸಮೀಪದಲ್ಲಿಯೇ ತೋಕೈದೋ ಯಾತ್ರಿಕರು ದೋಣಿ ಹತ್ತಿ ಕೊಲ್ಲಿಯನ್ನು ದಾಟುತ್ತಿದ್ದರು.

ಓಡುವ ಹಾದಿ, ಉರುಳುವ ತೇರು

ಎಂಟನೆಯ ದಿನದ ಮಿಯೆ ಪ್ರಾಂತದಲ್ಲಿ ನಮ್ಮ ಪಾಲುಪಟ್ಟಿಯ ಸಮಸ್ಯೆ ಪೂರ್ತಿಯಾಗಿ ಕರಗಿಹೋಗುತ್ತದೆ. ಹೋಂಡಾ ಸಂಸ್ಥೆ 1962ರಲ್ಲಿ ಕಟ್ಟಿಸಿದ ಸುಜುಕಾ ಪಂದ್ಯದ ಹಾದಿ ಇಲ್ಲಿದೆ. 8ರ ಅಂಕಿಯಂತೆ ತನ್ನನ್ನು ತಾನೇ ದಾಟುವ ಈ ಹಾದಿಯ ಉದ್ದ 5.807 ಕಿಲೋಮೀಟರು. ಅದೇ ಪ್ರಾಂತದಲ್ಲಿ ಇಸೆ ಮಹಾದೇವಸ್ಥಾನವಿದೆ. ಪ್ರತಿ ಇಪ್ಪತ್ತು ವರ್ಷಗಳಿಗೊಮ್ಮೆ ಅದನ್ನು ಪಕ್ಕದ ನಿವೇಶನದಲ್ಲಿ ಹೊಸ ಮರದಿಂದ, ಹಳೆಯ ಅಳತೆಯಲ್ಲಿ ಮರಳಿ ಕಟ್ಟುತ್ತಾರೆ. 2013ರಲ್ಲಿ ನಡೆದುದು 62ನೆಯದು; ಮುಂದಿನದು 2033ಕ್ಕೆ. ಇಲ್ಲಿ ಮರ ಹಳೆಯದಲ್ಲ; ಹಳೆಯದು ಕೈಗೆಲಸ. ಮುದುಕನ ಕೈ ಹುಡುಗನ ಕೈಗೆ ಕಸುಬನ್ನು ದಾಟಿಸಲು ಇಪ್ಪತ್ತು ವರ್ಷ ಸರಿಯಾದ ಅವಧಿ. ಮಗ್ಗ ಬಲ್ಲ ಬಡಗಿಯ ಮಗ ಕಾರಿನತ್ತ ಹೇಗೆ ಕೈಚಾಚಿದನೆಂಬ ಪ್ರಶ್ನೆಗೆ ಉತ್ತರವೂ ಬಹುಶಃ ಈ ಅಂಗಳದಲ್ಲಿಯೇ ಸಿಕ್ಕೀತು.

ಉಳಿದ ಮೂರು ದಿನಗಳು ತೋಕೈದೋ ಮುಗಿಯುವ ಕ್ಯೋಟೋಗೆ. ಕಿಂಕಾಕುಜಿ, ಕಿಯೊಮಿಜು, ಫುಶಿಮಿ ಇನಾರಿ ಇವುಗಳನ್ನು ಬೆಳಗ್ಗೆ ಬೇಗನೆ ನೋಡಿದರೆ ಜನಸಂದಣಿಯಿಂದ ಪಾರಾಗಬಹುದು. ಸಾಂಜೂಸಾಂಗೆನ್‌ದೋ ಎಂಬ ಉದ್ದನೆಯ ಮಂದಿರವನ್ನು ನಮ್ಮವರು ತಪ್ಪಿಸಬಾರದು. 1266ರಲ್ಲಿ ಮರಳಿ ಕಟ್ಟಿದ ಈ ಮಂದಿರದಲ್ಲಿ 1,001 ಕನ್ನೋನ್ ವಿಗ್ರಹಗಳು ಸಾಲಾಗಿ ನಿಂತಿವೆ. ಅವುಗಳ ಮುಂದಿನ ಕಾವಲು ದೇವತೆಗಳಲ್ಲಿ ನಮ್ಮ ಬ್ರಹ್ಮನೂ ಇಂದ್ರನೂ ಬೇರೆ ಹೆಸರುಗಳಿಂದ ನಿಂತಿದ್ದಾರೆ; ಗರುಡನಂತೂ ಕೊಳಲನ್ನೂದುತ್ತಾನೆ!

ಜುಲೈ ತಿಂಗಳಲ್ಲಿ ಹೋದವರಿಗೆ ಗಿಯೋನ್ ಉತ್ಸವದ ತೇರುಗಳು ಕಾಣಸಿಗುತ್ತವೆ. 17 ಮತ್ತು 24ರಂದು ಮೆರವಣಿಗೆ. ದೊಡ್ಡ ತೇರುಗಳ ತೂಕ ಹನ್ನೆರಡು ಟನ್ನಿನಷ್ಟು; ಎತ್ತರ ಸುಮಾರು 25 ಮೀಟರು. ಗಾಲಿಗಳನ್ನು ಪಕ್ಕಕ್ಕೆ ತಿರುಗಿಸುವ ಉಪಾಯವೇ ಅವುಗಳಿಗಿಲ್ಲ. ಬೀದಿಯ ತಿರುವು ಬಂದಾಗ ಸೀಳಿದ ಬಿದಿರನ್ನು ಗಾಲಿಯಡಿ ಹಾಸಿ, ನೀರು ಹೊಯ್ದು, ಹಗ್ಗ ಹಿಡಿದವರೆಲ್ಲ ಒಂದೇ ಕೂಗಿಗೆ ಅಡ್ಡಲಾಗಿ ಎಳೆಯುತ್ತಾರೆ. ಊರ ತೇರಿನ ಮಿಣಿ ಹಿಡಿದವರಿಗೆ ಆ ಕ್ಷಣದ ರೋಮಾಂಚ ಬೇರೆ ಹೇಳಬೇಕಾಗಿಲ್ಲ. ಕೆಲವು ತೇರುಗಳಿಗೆ ಹೊದಿಸುವ ಹಳೆಯ ರತ್ನಗಂಬಳಿಗಳು ಭಾರತದಿಂದ ಹೋದವು. ಕೆಲವು ನಮ್ಮ ದಖ್ಖನಿನವೆಂದು ವಿದ್ವಾಂಸರು ಗುರುತಿಸಿದ್ದಾರೆ.

ಹೊರಡುವವರಿಗೆ ಕೆಲವು ಮಾತು

ದಿನಗಳನ್ನು ಜೋಡಿಸುವ ಗುಟ್ಟು ಒಂದೇ: ಸೋಮವಾರ. ಮೇಲೆ ಹೇಳಿದ ಸಂಗ್ರಹಾಲಯಗಳು ಸಾಮಾನ್ಯವಾಗಿ ಆ ದಿನ ಮುಚ್ಚಿರುತ್ತವೆ. ದೇವರಿಗೆ ಮಾತ್ರ ವಾರದ ರಜೆಯಿಲ್ಲ. ಆದುದರಿಂದ ಸೋಮವಾರ ಹಕೋನೆಯಲ್ಲೋ ಇಸೆಯಲ್ಲೋ ಕ್ಯೋಟೋದಲ್ಲೋ ಇರುವಂತೆ ಹೊರಡಬೇಕು. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದವರೆಗೆ, ಆಗಸ್ಟ್ ನಡುವೆ ಹಾಗೂ ಹೊಸವರ್ಷದ ದಿನಗಳಲ್ಲಿ ಜಪಾನೀಯರೇ ಪ್ರವಾಸ ಹೊರಡುವುದರಿಂದ ಆ ದಿನಗಳನ್ನು ಬಿಡುವುದು ಮೇಲು. ಮಾರ್ಚ್ ಕೊನೆಯಲ್ಲಿ ಚೆರ್ರಿ ಹೂವು, ನವೆಂಬರಿನಲ್ಲಿ ಕೆಂಪೆಲೆ.

ಜಪಾನಿನಲ್ಲಿಯೂ ನಮ್ಮಂತೆ ರಸ್ತೆಯ ಎಡಬದಿಯ ಸಂಚಾರ. ಭಾರತದಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ ಅಲ್ಲಿ ಮಾನ್ಯ. ಮೂಲ ಪರವಾನಗಿಯೂ ಪಾಸ್‌ಪೋರ್ಟೂ ಜೊತೆಯಲ್ಲಿರಬೇಕು. ತಲೆಕೆಳಗಾದ ಕೆಂಪು ತ್ರಿಕೋನ ಕಂಡಲ್ಲಿ ಹಾಗೂ ಪ್ರತಿ ರೈಲ್ವೆ ಗೇಟಿನ ಮುಂದೆ, ಗೇಟು ತೆರೆದಿದ್ದರೂ ಸಹ, ಗಾಡಿಯನ್ನು ಪೂರ್ತಿ ನಿಲ್ಲಿಸಿಯೇ ಮುಂದುವರಿಯಬೇಕು. ಕುಡಿದವನಿಗಷ್ಟೇ ಅಲ್ಲದೆ, ಅದನ್ನು ಬಲ್ಲ ಸಹಪ್ರಯಾಣಿಕನಿಗೂ ಶಿಕ್ಷೆಯುಂಟು. ಹಳದಿ ಫಲಕದ ಪುಟ್ಟ ‘ಕೇ’ ಕಾರುಗಳು ಎಲ್ಲೆಲ್ಲೂ ಕಾಣುತ್ತವೆ; ಎಂಜಿನ್ 660 ಘನ ಸೆಂಟಿಮೀಟರಿಗೂ ಉದ್ದ 3.4 ಮೀಟರಿಗೂ ಮೀರದ ಇವು ಅಲ್ಲಿ ಮಾರಾಟವಾಗುವ ಹೊಸ ಕಾರುಗಳಲ್ಲಿ ಸುಮಾರು ಮೂರರಲ್ಲೊಂದು ಪಾಲು. 1962ರ ಕಾನೂನಿನ ಪ್ರಕಾರ ಕಾರು ಕೊಳ್ಳುವವನು ಅದನ್ನು ನಿಲ್ಲಿಸುವ ಜಾಗ ತನಗಿದೆಯೆಂದು ತೋರಿಸಬೇಕು. ಬೀದಿಗಳು ಅಷ್ಟು ತೆರವಾಗಿರುವುದರ ಕಾರಣ ಇದರಿಂದ ತಿಳಿಯುತ್ತದೆ. ಬೆಂಗಳೂರಿನವರು ಇದನ್ನು ಕೇಳಿ ನಿಟ್ಟುಸಿರು ಬಿಡುವುದು ಸಹಜ.

ಏಳು ದಿನಗಳ ರೈಲು ಪಾಸಿನ ಬೆಲೆ 2023ರ ಅಕ್ಟೋಬರಿನಲ್ಲಿ 50,000 ಯೆನ್‌ಗೆ ಏರಿತು. ಟೋಕಿಯೋದಿಂದ ಕ್ಯೋಟೋಗೆ ಒಂದು ಬಾರಿಯ ದರ ಸುಮಾರು 14,000 ಯೆನ್. ನಮ್ಮ ಯೋಜನೆಗೆ ಬಿಡಿ ಟಿಕೆಟ್ಟುಗಳೇ ಅಗ್ಗ. ವೀಸಾ ಬೇಕು. ಬೆಂಗಳೂರಿನಿಂದ ನರಿತಾಕ್ಕೆ ನೇರ ವಿಮಾನವಿದೆ. ಸಸ್ಯಾಹಾರಿಗಳು ಸಾರಿನ ವಿಷಯದಲ್ಲಿ ಎಚ್ಚರವಾಗಿರಬೇಕು. ತರಕಾರಿಯದೆಂದು ಕಾಣುವ ಸಾರಿನ ನೀರೂ ಒಣಮೀನಿನದಾಗಿರಬಹುದು. ಕ್ಯೋಟೋದ ಬೌದ್ಧಮಠಗಳಲ್ಲಿ ದೊರೆಯುವ ‘ಶೋಜಿನ್’ ಭೋಜನ ಶುದ್ಧ ಸಸ್ಯಾಹಾರ.

ಕಡೆಯ ದಿನ ಕ್ಯೋಟೋದಿಂದ ‘ನೊಜೊಮಿ’ ಹತ್ತಿದರೆ, ಹನ್ನೊಂದು ದಿನ ನೋಡಿ ಬಂದ ದಾರಿಯೆಲ್ಲ ಎರಡೂಕಾಲು ಗಂಟೆಯಲ್ಲಿ ಹಿಂದೆ ಸರಿದುಹೋಗುತ್ತದೆ. ಅಷ್ಟರಲ್ಲಿ ಯಾರ ಆಸೆ ಯಾವುದಾಗಿತ್ತೆಂಬುದನ್ನು ಮನೆಯವರೇ ಮರೆತಿದ್ದರೆ, ಯೋಜನೆ ಸಾರ್ಥಕವಾಯಿತೆಂದು ತಿಳಿಯಬಹುದು.